ತೊಟ್ಟಿಲ ಕೌದಿಗೆ ನೆಟ್ಟಗಿನ ಗೆರೆ

ಅಂದು ಬೆಳಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಬಾಗಿಲಿಗೆ ನೀರು ಹಾಕಿ, ನಿದ್ದೆ ಪೂರ್ತಿ ಬಿಡದ ಕಣ್ಣಿನಲ್ಲೇ ಚುಕ್ಕಿ ಇಟ್ಟು ರಂಗೋಲಿ ಎಳೆದೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸಿದೆ. ನಮ್ಮವರು ಬನಿಯನ್ನಿನಲ್ಲಿ ನಿಂತು ಕೂಲರಿಗೆ ನೀರು ತುಂಬಿದರು. ಅರ್ಧ ಕೂಲರಿಗೆ, ಅರ್ಧ ತಮ್ಮ ಕಾಲಿಗೆ. ಅತ್ತೆ ಮಡಿಸೀರೆಯುಟ್ಟು ತುಳಸಿಗೆ ಪ್ರದಕ್ಷಿಣೆ ಹಾಕುತ್ತ, ನಲ್ಲಿಯನ್ನು ಯಾರೋ ಸರಿಯಾಗಿ ತಿರುವಿಲ್ಲವೆಂದು ದೇವರ ನಾಮದ ನಡುನಡುವೆ ಬೈದರು. ರಾಯಚೂರಿನ ಏಪ್ರಿಲ್ ಸೂರ್ಯ ಅಷ್ಟರಲ್ಲೇ ಬಾಗಿಲಿನ ಹಿತ್ತಾಳೆ ಚಿಲಕವನ್ನು ಮುಟ್ಟಲಾಗದಂತೆ ಕಾಯಿಸಿದ್ದ.

ನಾನು ಚಹಾ ಕುಡಿದು, ಕೈ ತೊಳೆದು, ಸೆರಗು ಸಿಕ್ಕಿಸಿ, ನಡುಮನೆಯ ನೆಲದ ಮೇಲೆ ಕೌದಿ ಹಾಸಿದೆ. ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಜೋಡಿಸಿ, ಅವು ಸರಿಯದಂತೆ ಅಂಚಿಗೆ ಸೂಜಿಯಿಂದ ಟಾಕು ಹಾಕಿಟ್ಟಾಗಿತ್ತು. ಇನ್ನು ಉಳಿದದ್ದು ಉದ್ದುದ್ದ ಸಾಲು ಹೊಲಿಗೆ ಮಾತ್ರ. ಅದಕ್ಕೆ ಮೊದಲು ಗೆರೆ ಎಳೆಯಬೇಕು. ಗೆರೆ ಎಳೆಯುವುದು ಎಷ್ಟು ಹೊತ್ತಿನ ಕೆಲಸ? ಊಟದ ಹೊತ್ತಿಗೆ ಹೊಲಿಗೆಯನ್ನೂ ಮುಗಿಸಿ, ಒಂದು ಸಣ್ಣ ನಿದ್ದೆಯನ್ನೂ ಮಾಡುವವಳಿದ್ದೆ.

ಎಂಥ ವಿಶ್ವಾಸ! ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ವಿಷಯ ಇಷ್ಟು. ಮಾನ್ವಿಯಲ್ಲಿರುವ ನನ್ನ ನಾದಿನಿ ವತ್ಸಲಾಳ ಮಗಳು ಪಲ್ಲವಿ ತವರಿಗೆ ಬಂದು ಹಡೆದಿದ್ದಳು. ಮರುದಿನ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮ. ನಮ್ಮ ಮನೆತನದಲ್ಲಿ ತೊಟ್ಟಿಲಿಗೆ ಹಾಸುವ ಮೊದಲ ಕೌದಿ ಕೂಸಿನ ತಾಯಿಯ ಸೋದರಮಾವನ ಮನೆಯಿಂದ ಹೋಗಬೇಕು. ಸೋದರಮಾವ ಎಂದರೆ ನಮ್ಮವರು. ಪದವಿ ಅವರದು, ಸೂಜಿ ನನ್ನದು.

ಅದಾದರೂ ಸುಮ್ಮನೆ ಹೊಲಿದು ಕೊಡಬಹುದಿತ್ತು. ಆದರೆ ಹೋದ ದೀಪಾವಳಿಗೆ ಮಾನ್ವಿಗೆ ಹೋದಾಗ ವತ್ಸಲಾ ತಾನು ಹೊಲಿದ ಕೌದಿಯನ್ನು ಎಲ್ಲರೆದುರು ಬಿಚ್ಚಿ ತೋರಿಸಿದ್ದಳು. ನಾನು ಮೆತ್ತಗೆ, ಬಹಳ ಮೆತ್ತಗೆ, “ಗೆರಿ ಒಂದೀಟು ಡೊಂಕಾಗ್ಯಾವ, ಅಲ್ಲ?” ಎಂದೆ. ಕಾನ್ವೆಂಟಿನಲ್ಲಿ ಓದಿದವರಿಗೆ ಇದೊಂದು ಭ್ರಮೆ. ಮೆತ್ತಗೆ ಹೇಳಿದರೆ ಮಾತು ಚುಚ್ಚುವುದಿಲ್ಲ ಎಂದುಕೊಂಡಿರುತ್ತೇವೆ.

ವತ್ಸಲಾ ಕೌದಿ ಮಡಿಚಿದಳು. “ಹೌದೇನ್ರಿ ವೈನಿ? ಹಂಗಾರ ನಮ್ಮ ಪಲ್ಲವಿ ಕೂಸಿನ ತೊಟ್ಟಿಲಕ ನೀವ ಹೊಲಕೊಂಡು ಬರ್ರಿ. ನೆಟ್ಟಗಿನ ಗೆರಿ ಹೆಂಗಿರ್ತಾವಂತ ಮಾನ್ವಿ ಮಂದಿನೂ ಒಂದ್ಸಲ ನೋಡ್ಲಿ!”

ಅಂದಿನಿಂದ ಆಕೆ ಬಳಗದವರಿಗೆಲ್ಲ ಹೇಳಿಕೊಂಡು ಬಂದಿದ್ದಳು, ರಾಯಚೂರಿನಿಂದ ನೆಟ್ಟಗಿನ ಕೌದಿ ಬರುತ್ತದೆ ಎಂದು. ತೊಟ್ಟಿಲಿಗಿಂತ ನನ್ನ ಗೆರೆಗಳನ್ನು ನೋಡಲೆಂದೇ ಬರುವವರು ಇದ್ದರು.

ಇನ್ನೊಂದು ಮಾತು. ಆ ಕೌದಿಯ ಮೇಲ್ಪದರ ಅತ್ತೆಯ ಸೀರೆಯದು. ದೇವದುರ್ಗದ ತವರಿನಿಂದ ಬಂದಿದ್ದ, ಒಗೆದೊಗೆದು ಬೆಣ್ಣೆಯಂತಾದ ಕೆನೆಬಣ್ಣದ ನೂಲಿನ ಸೀರೆ. ಎಳೆಗೂಸಾಗಿದ್ದಾಗ ನಮ್ಮವರು ಅದರ ಮೇಲೆಯೇ ಮಲಗಿದ್ದರು, ವತ್ಸಲಾಳೂ ಮಲಗಿದ್ದಳು. ಉಳಿದದ್ದು ಇದೊಂದೇ ತುಂಡು. ಟ್ರಂಕಿನಿಂದ ತೆಗೆದು ಕೊಡುವಾಗ ಅತ್ತೆ, “ಇದರ ಮ್ಯಾಲ ಪ್ರಯೋಗ ಮಾಡಬ್ಯಾಡ, ಯವ್ವಾ,” ಎಂದಿದ್ದರು.

ನಾನೆಲ್ಲಿ ಪ್ರಯೋಗ ಮಾಡುವವಳು? ನಾನು ಪೂರ್ವಸಿದ್ಧತೆ ಮಾಡಿಕೊಂಡಿದ್ದೆ.

ದೇವದುರ್ಗದ ಕಡೆ ಕೌದಿಗೆ ಯಾರೂ ಗುರುತು ಹಾಕುವುದಿಲ್ಲ. ಅಂಚಿನಿಂದ ಹಿಡಿದು, ಹಿಂದಿನ ಸಾಲನ್ನು ನೋಡುತ್ತ ಮುಂದಿನ ಸಾಲು ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುತ್ತಾರೆ. ಅತ್ತೆ ಜೀವಮಾನವಿಡೀ ಹೊಲಿದದ್ದು ಹಾಗೆಯೇ. ನನಗೆ ಅದು ಅಶಿಸ್ತು ಎನಿಸಿತು! ಕಾನ್ವೆಂಟಿನ ನಮ್ಮ ಹೊಲಿಗೆ ಸಿಸ್ಟರ್ ಕಲಿಸಿದ್ದು ಎರಡೇ ಸೂತ್ರ. ಗುರುತು ಹಾಕದೆ ಸೂಜಿ ಎತ್ತಬಾರದು. ಹೊಲಿದ ಮೇಲೆ ಗುರುತು ಕಾಣಬಾರದು.

ಆದ್ದರಿಂದ ಫೋನಿನಲ್ಲಿ ಹುಡುಕಿ ಬಟ್ಟೆಯ ಮೇಲೆ ಗುರುತು ಹಾಕುವ ಪೆನ್ನುಗಳ ಸೆಟ್ಟೊಂದನ್ನು ತರಿಸಿದ್ದೆ. ನೇರಳೆ ಪೆನ್ನಿನ ಗೆರೆ ಗಾಳಿಗೆ ಮಾಯ. ನೀಲಿಯದು ನೀರಿಗೆ ಮಾಯ. ಗುಲಾಬಿಯದು ಬಿಸಿಗೆ ಮಾಯ. ಜೊತೆಗೆ ಇರುವೆಯಂಥ ಅಕ್ಷರಗಳ ಇಂಗ್ಲಿಷ್ ಚೀಟಿ. ಅದರ ಮೇಲಿನ ಅರ್ಧ ಓದಿ, ತಿಳಿಯಿತು ಬಿಡು ಎಂದು ಮಡಿಚಿಟ್ಟಿದ್ದೆ.

ಗಾಳಿ, ನೀರು, ಬಿಸಿ. ರಾಯಚೂರಿನ ಬೇಸಿಗೆಯಲ್ಲಿ ಕೂತು ಈ ಮೂರಕ್ಕೂ ಹೆದರುವ ಪೆನ್ನುಗಳನ್ನೇ ಆರಿಸಿ ತರಿಸಿಕೊಂಡ ಹೆಂಗಸಿಗೆ ಏನನ್ನಬೇಕು?

ಮುಂದೆ ಹೇಳುವ ಮೊದಲು ನನ್ನ ಸಿಟ್ಟಿನ ಸ್ವಭಾವ ತಿಳಿಸಿಬಿಡುತ್ತೇನೆ, ಏಕೆಂದರೆ ಅಂದು ಇಡೀ ದಿನ ಮನೆಯಲ್ಲಿ ಅದೇ ಓಡಾಡಿಕೊಂಡಿತ್ತು. ನಾನು ಕೂಗುವುದಿಲ್ಲ. ಪಾತ್ರೆ ಎಸೆಯುವುದಿಲ್ಲ. ಸಿಟ್ಟು ಬಂದರೆ ನನ್ನ ಬಾಯಿಂದ ಪಠ್ಯಪುಸ್ತಕದ ಕನ್ನಡ ಹೊರಡುತ್ತದೆ. ‘ನೀವು’ ಹೋಗಿ ‘ತಾವು’ ಬಂದಿತೆಂದರೆ ನಮ್ಮವರು ಚಪ್ಪಲಿ ಹುಡುಕಲು ಶುರು ಮಾಡುತ್ತಾರೆ.

ಮೊದಲು ನೇರಳೆ ಪೆನ್ನು. ಸ್ಕೇಲು ಇಟ್ಟು, ಉಸಿರು ಬಿಗಿಹಿಡಿದು, ಒಂದರ ಪಕ್ಕ ಒಂದು ಗೆರೆ ಎಳೆಯುತ್ತ ಹೋದೆ. ಕೊನೆಯ ಅಂಚು ಮುಟ್ಟಿ, ಹೆಮ್ಮೆಯಿಂದ ಹಿಂದಿರುಗಿ ನೋಡಿದರೆ ಮೊದಲ ಅಂಚಿನಲ್ಲಿ ಏನೂ ಇಲ್ಲ! ನೋಡುತ್ತಿದ್ದಂತೆಯೇ ಎರಡನೆಯ ಗೆರೆಯೂ ತೆಳ್ಳಗಾಗಿ ಹೊರಟುಹೋಯಿತು. ಚೀಟಿಯಲ್ಲಿ ‘ಒಂದು ದಿನ ಉಳಿಯುತ್ತದೆ’ ಎಂದು ಬರೆದಿದ್ದರು. ಯಾವ ಊರಿನ ದಿನ ಅದು?

“ಫ್ಯಾನಿನ ಗಾಳಿಗೆ ಹೊಂಟಾವ ನೋಡು,” ಎಂದರು ನಮ್ಮವರು, ಪೇಪರಿನ ಹಿಂದಿನಿಂದ.

“ಹಂಗಾರ ಫ್ಯಾನ್ ಬಂದ್ ಮಾಡ್ರಿ.”

ಫ್ಯಾನು ನಿಂತಿತು. ಹಣೆಯಿಂದ ಬೆವರು ಶುರುವಾಯಿತು. ಈ ಸಲ ಆಚೆಯ ಅಂಚಿನಿಂದ ಎಳೆದೆ. ಒದ್ದೆ ಕೈಯಲ್ಲಿ ಸ್ಕೇಲು ಜಾರಿತು, ಗೆರೆ ದಾರಿ ಬಿಟ್ಟಿತು. ಅದನ್ನು ತಿದ್ದಲು ಇನ್ನೊಂದು, ಅದನ್ನು ತಿದ್ದಲು ಮತ್ತೊಂದು. ಕೊನೆಗೆ ಎಲ್ಲವೂ ಒಂದರ ಮೇಲೊಂದು ಕತ್ತರಿಯಾಗಿ ಬಿದ್ದು, ಮೆಲ್ಲಮೆಲ್ಲಗೆ ಮಾಯವಾದವು. ಹೋಗಲಿ, ಬಟ್ಟೆಗಂತೂ ಏನೂ ಆಗಲಿಲ್ಲವಲ್ಲ ಎಂದು ಸಮಾಧಾನಪಟ್ಟೆ.

ಆ ಸಮಾಧಾನವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನೀಲಿ ಪೆನ್ನು ಹಾಗಲ್ಲ. ಗಾಳಿಗೆ ಜಗ್ಗಲಿಲ್ಲ. ಅಚ್ಚ ನೀಲಿ ಗೆರೆಗಳು ಬಟ್ಟೆಯ ತುಂಬ ಸಾಲಾಗಿ ಮಲಗಿದವು. ನಾನು ಖುಷಿಯಿಂದ ಸೂಜಿಗೆ ದಾರ ಪೋಣಿಸುತ್ತಿದ್ದೆ. ಆಗ ನಮ್ಮವರಿಗೆ ಹೆಂಡತಿಯ ಮೇಲೆ ಕರುಣೆ ಉಕ್ಕಿತು. ವರ್ಷಕ್ಕೊಮ್ಮೆ ಉಕ್ಕುವುದು ಅಂದೇ ಉಕ್ಕಬೇಕೇ?

“ಎಷ್ಟು ಬೆವತೀ, ಪಾಪ!” ಎಂದು ಕೂಲರನ್ನು ನನ್ನತ್ತ ತಿರುಗಿಸಿ ಪೂರ್ತಿ ಜೋರಿಗೆ ಇಟ್ಟರು.

ನಮ್ಮ ಕೂಲರು ಗಾಳಿ ಬಿಡುವುದಿಲ್ಲ, ಉಗುಳುತ್ತದೆ. ಒಂದು ಹುಲ್ಲಿನ ಕಡ್ಡಿ, ಹಿಂದೆಯೇ ಬೊಗಸೆಯಷ್ಟು ತುಂತುರು. ನೀಲಿ ಗೆರೆಗಳು ನನ್ನ ಕಣ್ಣೆದುರೇ ನುಸಿ ತಿಂದಂತೆ ಅಲ್ಲಲ್ಲಿ ಕತ್ತರಿಸಿಹೋದವು.

ನಾನು ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದು ನಿಂತೆ.

“ತಾವು ಆ ಯಂತ್ರವನ್ನು ಈ ಕ್ಷಣವೇ ಸ್ಥಗಿತಗೊಳಿಸಿದರೆ ನಾನು ತಮಗೆ ಚಿರಋಣಿಯಾಗಿರುತ್ತೇನೆ.”

“ಅವ್ವಾ, ನನ್ನ ಚಪ್ಪಲಿ ಎಲ್ಲಿ ಅವ?” ಎಂದರು ನಮ್ಮವರು.

ಅರ್ಧಂಬರ್ಧ ಉಳಿದ ನೀಲಿಯನ್ನೆಲ್ಲ ಒದ್ದೆ ಅರಿವೆಯಿಂದ ಒರೆಸಿ ತೆಗೆದೆ. ಇನ್ನುಳಿದದ್ದು ಗುಲಾಬಿ. ಅದು ಬಿಸಿಗೆ ಮಾತ್ರ ಹೋಗುವ ಪೆನ್ನು. ನಾನೇನು ದಡ್ಡಿಯೇ? ಮೊದಲು ಇಸ್ತ್ರಿಪೆಟ್ಟಿಗೆಯನ್ನು ಅಲಮಾರಿನಲ್ಲಿಟ್ಟು ಬೀಗ ಹಾಕಿದೆ. ಬಿಸಿ ಚಹಾ ತರಬೇಡಿ ಎಂದು ಮನೆಯಲ್ಲಿ ಆಜ್ಞೆ ಹೊರಡಿಸಿದೆ. ಆಮೇಲೆ ಗೆರೆ ಎಳೆದೆ. ಗುಲಾಬಿ ಗೆರೆಗಳು ಚೆಂದವಾಗಿಯೇ ಬಂದವು. ಆದರೆ ಒರೆಸಿದ್ದರಿಂದ ಬಟ್ಟೆ ತೇವವಾಗಿತ್ತು, ಸೂಜಿ ಹಿಡಿಯುತ್ತಿತ್ತು.

“ಮಾಳಿಗಿ ಮ್ಯಾಲ ಹಾಕು, ಕಣ್ಣು ಮುಚ್ಚಿ ತೆರೆಯೂದ್ರಾಗ ಆರ್ತದ,” ಎಂದರು ಅತ್ತೆ.

ಹಾಕಿದೆ. ಆರಿತು. ಬಟ್ಟೆಯೂ ಆರಿತು, ಗೆರೆಗಳೂ ಆರಿದವು! ರಾಯಚೂರಿನ ಮಾಳಿಗೆಯ ಎದುರು ಇಸ್ತ್ರಿಪೆಟ್ಟಿಗೆ ಯಾವ ಲೆಕ್ಕ? ಅಲಮಾರಿನಲ್ಲಿ ಬೀಗದೊಳಗೆ ಅದು ತಣ್ಣಗೆ ನಗುತ್ತಿದ್ದಿರಬೇಕು. ಕಾಲು ಸುಡುತ್ತಿದ್ದರೂ ನಾನು ಖಾಲಿ ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸುತ್ತ ನಿಂತಿದ್ದೆ.

ಪಕ್ಕದ ಮಾಳಿಗೆಯಲ್ಲಿ ಶಮೀಮ್ ಆಪಾ ಮೆಣಸಿನಕಾಯಿ ಒಣಹಾಕುತ್ತಿದ್ದರು. ಅವರದು ಬಜಾರಿನಲ್ಲಿ ಬಟ್ಟೆಯಂಗಡಿ. ನಮ್ಮೆರಡು ಮನೆಗಳ ನಡುವೆ ಮೊಣಕಾಲೆತ್ತರದ ಗೋಡೆ, ಅದರ ಮೇಲೆ ದಿನಕ್ಕೊಮ್ಮೆಯಾದರೂ ಒಂದು ಬಟ್ಟಲು ಈಚೆಗೋ ಆಚೆಗೋ ದಾಟುತ್ತದೆ.

“ಏನ್ ಹುಡುಕಾಕತ್ತೀರಿ, ವೀಣಾ ಬೆಹೆನ್?”

“ಗೆರಿ.”

“ಯಾವ ಗೆರಿ?”

“ಇಲ್ಲೇ ಇದ್ದವು ಆಪಾ. ಈಗ ಇದ್ದವು.”

ಆಪಾ ನನ್ನ ಮುಖವನ್ನು ಒಂದು ಕ್ಷಣ ನೋಡಿದರು. “ನೆರಳಿಗೆ ಬರ್ರಿ ಮೊದ್ಲು. ತಲಿ ಮ್ಯಾಲ ಸೆರಗು ಹಾಕ್ಕೋರಿ,” ಎಂದು ಕೆಳಗಿಳಿದು ಹೋಗಿ, ಟೇಲರ್ ಚಾಕ್‌ಪೀಸಿನ ಒಂದು ತುಂಡು ತಂದು ಕೊಟ್ಟರು. “ಇದು ಎಲ್ಲೂ ಓಡಿ ಹೋಗಂಗಿಲ್ಲ.”

ನಿಜ, ಅದು ಓಡಿ ಹೋಗಲಿಲ್ಲ. ನನ್ನ ಮೇಲೆಯೇ ಹತ್ತಿತು! ಕೌದಿ ಹಾಸಿ, ಅದರ ಮೇಲೆ ಮೊಣಕಾಲೂರಿ, ಬೆರಳಗಲ ಬಿಟ್ಟು ಗೆರೆಗಳನ್ನು ಎಳೆದೆ. ಎದ್ದು ನೋಡಿದರೆ ಗೆರೆಗಳೆಲ್ಲ ನನ್ನ ಸೀರೆಯ ಮೇಲೆ ನೆಟ್ಟಗೆ ಕೂತಿದ್ದವು. ಕೌದಿಯ ಮೇಲೆ ಉಳಿದದ್ದು ಧೂಳು. ಸೀರೆ ಕೊಡವಿದೆ, ಸೀನು ಬಂತು.

ಅಷ್ಟರಲ್ಲಿ ಮಾನ್ವಿಯಿಂದ ಫೋನು.

“ಮುಗೀತೇನ್ರಿ ವೈನಿ ಕೌದಿ?” ವತ್ಸಲಾಳ ದನಿ ಸಕ್ಕರೆ ಪಾಕದಂತಿತ್ತು. “ಅವಸರ ಮಾಡಬ್ಯಾಡ್ರಿ. ನೆಟ್ಟಗ ಆಗ್ಲಿಲ್ಲಂದ್ರ ಬಿಡ್ರಿ, ನಂದೊಂದು ಡೊಂಕಂದು ಹೊಲದಿಟ್ಟೀನಿ, ಅದನ್ನ ಹಾಸಿದ್ರಾತು.”

ಹಿಂದಿನಿಂದ ನಾಲ್ಕಾರು ಹೆಂಗಸರು ನಕ್ಕ ಸದ್ದು ಕೇಳಿಸಿತು.

“ಕೌದಿಯು ಸಂಜೆಯೊಳಗೆ ಸಂಪೂರ್ಣಗೊಳ್ಳಲಿದೆ,” ಎಂದೆ. “ತಾವು ನಿಶ್ಚಿಂತೆಯಿಂದಿರಬಹುದು.”

ಫೋನಿಟ್ಟೆ. ಸೋದರಮಾವನ ಮನೆಯ ಕೌದಿ ಇದ್ದೂ ತೊಟ್ಟಿಲಿಗೆ ಬೇರೆ ಕೌದಿ ಬೀಳುವುದೇ? ಅದೂ ನನ್ನಿಂದ? ಅದೂ ಡೊಂಕು ಗೆರೆಯದು?

ಹೊರಗೆ ಬಿಸಿಲು ಹೆಚ್ಚಾದ್ದರಿಂದ ನಮ್ಮವರು ಧೈರ್ಯ ಮಾಡಿ ಮನೆಗೆ ಮರಳಿದ್ದರು. ನಿವೃತ್ತ ಗಣಿತ ಮೇಷ್ಟ್ರು. ಅಟ್ಟದಿಂದ ಶಾಲೆಯ ಕಾಲದ ಮರದ ಸೆಟ್‌ಸ್ಕ್ವೇರು ಇಳಿಸಿ, ಧೂಳು ಊದಿ, ಕಿವಿಯ ಮೇಲಿನ ಪೆನ್ಸಿಲು ತೆಗೆದರು.

“ನೀ ಸರಿ ಒಂದೀಟು. ಇದು ಸಮಾಂತರ ರೇಖೆಯ ಪ್ರಶ್ನಿ. ನನಗ ಬಿಡು.”

ಪೆನ್ಸಿಲು ಬಟ್ಟೆಗೆ ತಾಗುವ ಮೊದಲೇ ದೇವರಮನೆಯಿಂದ ಅತ್ತೆಯ ಗರ್ಜನೆ ಬಂತು. “ಕರೀ ಗೆರಿ? ತೊಟ್ಟಿಲದ ಬಟ್ಟಿ ಮ್ಯಾಲ? ಸಾಲಿ ಕಲಿಸಿ ತಲಿ ಕೆಟ್ಟದೇನೋ ನಿಂದು! ಅಷ್ಟು ಎಳೀಬೇಕಂದ್ರ ಅರಿಷಿಣದಲೆ ಎಳಿ!”

ಅವರು ಬೈದದ್ದು. ನನಗೆ ಕೇಳಿಸಿದ್ದು ಆಕಾಶವಾಣಿ.

ಅರಿಶಿನ! ಗಾಳಿಗೆ ಹಾರುವುದಿಲ್ಲ, ಬಿಸಿಗೆ ಕರಗುವುದಿಲ್ಲ, ಮೇಲೆ ಮಂಗಳಕರ. ಮನೆಯಲ್ಲೇ ಡಬ್ಬಿ ತುಂಬ ಇತ್ತು! ಮನೆ ಕಟ್ಟುವ ಗೌಂಡಿಗಳು ಗೋಡೆಗೆ ಬಣ್ಣದ ದಾರ ಬಿಗಿಹಿಡಿದು ಬಡಿದು ಗೆರೆ ಮೂಡಿಸುವುದನ್ನು ನೋಡಿದ್ದೆನಲ್ಲ, ಅದೇ ಉಪಾಯ ಹೊಳೆಯಿತು. ತಟ್ಟೆಯಲ್ಲಿ ಒಣ ಅರಿಶಿನ ಸುರಿದು, ಅದರಲ್ಲಿ ದಪ್ಪ ದಾರ ಹೊರಳಿಸಿದೆ. ಒಂದು ತುದಿ ನಾನು, ಒಂದು ತುದಿ ನಮ್ಮವರು. ಬಿಗಿಯಾಗಿ ಹಿಡಿದು, ನಡುವೆ ಎತ್ತಿ ಬಿಟ್ಟೆ.

ಟಪ್!

ಬಂಗಾರದ ಎಳೆಯಂಥ ಗೆರೆ. ಕೂದಲಷ್ಟೂ ಡೊಂಕಿಲ್ಲ. ಟಪ್! ಇನ್ನೊಂದು. ಟಪ್! ನಮ್ಮವರಿಗೆ ಎಷ್ಟು ಖುಷಿಯಾಯಿತೆಂದರೆ, “ಇನ್ನೊಮ್ಮಿ ನಾ ಬಡಿತೀನಿ, ನಾ ಬಡಿತೀನಿ,” ಎನ್ನತೊಡಗಿದರು. ಮದುವೆಯಲ್ಲಿ ಅರಿಶಿನ ಹಚ್ಚುವಾಗಲೂ ಮನುಷ್ಯ ಇಷ್ಟು ನಕ್ಕಿರಲಿಲ್ಲ.

ಆಮೇಲೆ ಹೊಲಿಗೆ. ಬಿಳಿ ದಾರದಲ್ಲಿ, ಬಂಗಾರದ ಗೆರೆಯ ಮೇಲೆ, ಒಂದೇ ಅಳತೆಯ ಟಾಕು. ಊಟ ತಣ್ಣಗಾಯಿತು, ನಿದ್ದೆ ಮರೆತೇಹೋಯಿತು. ಅತ್ತೆ ಪಕ್ಕದಲ್ಲಿ ಕೂತು, “ಇರ್ಲಿ ಬಿಡು, ಚೊಲೋ ಬರಾಕತ್ತದ,” ಎಂದರು. ಅವರ ಬಾಯಲ್ಲಿ ಅದು ಬಿರುದು. ಬಿಸಿಲು ಇಳಿಮುಖವಾಗುವ ಹೊತ್ತಿಗೆ ಕೊನೆಯ ಗಂಟು ಹಾಕಿ, ಫೋಟೋ ತೆಗೆದು, ವತ್ಸಲಾಳಿಗೆ ಕಳಿಸಿದೆ. ಅವಳೊಬ್ಬಳಿಗೇ ಅಲ್ಲ, ಬಳಗದ ಗುಂಪಿಗೇ ಕಳಿಸಿದೆ!

ಕೂಡಲೇ ವತ್ಸಲಾಳ ಧ್ವನಿ ಸಂದೇಶ ಬಂತು. “ಗೆರಿ ಭಾಳ ನೆಟ್ಟಗ ಬಂದಾವ್ರಿ ವೈನಿ. ಆದ್ರ ಆ ಹಳದಿ ಗುರುತು ಹಂಗ ಉಳಿತದೇನ್ರಿ?”

“ಹಂಗ ಇರ್ಲಿ. ಅರಿಷಿಣ ಮಂಗಳ ಅದ,” ಎಂದರು ಅತ್ತೆ.

ಇದ್ದಿದ್ದರೆ ಏನು ಗಂಟು ಹೋಗುತ್ತಿತ್ತು? ಆದರೆ ನನ್ನ ಕಿವಿಯಲ್ಲಿ ಸಿಸ್ಟರ್ ಮಾತಾಡಿದರು. ಹೊಲಿದ ಮೇಲೆ ಗುರುತು ಕಾಣಬಾರದು! ‘ಒಂದು ಗುರುತೂ ಉಳಿಯುವುದಿಲ್ಲ’ ಎಂದು ಗುಂಪಿನಲ್ಲಿ ಬರೆದು, ಕೌದಿ ಎತ್ತಿಕೊಂಡು ಬಚ್ಚಲಿಗೆ ನಡೆದೆ. ಬಕೆಟ್ಟಿನಲ್ಲಿ ಅದ್ದಿದೆ. ಬ್ರಶ್ಶು ಹಾಕಿದರೆ ಬಟ್ಟೆ ಹಿಂಜೀತೆಂದು ಕೈಯಿಂದಲೇ, ಕೂಸಿಗೆ ಎರೆದಂತೆ ಮೆಲ್ಲಗೆ, ಬಟ್ಟೆಯ ಸೋಪು ಸವರಿದೆ.

ಹಳದಿ ಗೆರೆ ಕೆಂಪಾಯಿತು.

ಇನ್ನೊಮ್ಮೆ ಸವರಿದೆ. ಇನ್ನೂ ಕೆಂಪಾಯಿತು!

ನನಗೆ ಅರ್ಥವಾಗಲು ಎಷ್ಟು ಹೊತ್ತು ಬೇಕು? ಹಬ್ಬ ಹುಣ್ಣಿಮೆಗೆ ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಬೆರೆಸಿ ಕೆಂಪು ನೀರು ಮಾಡುವವಳು ಯಾರು? ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನೇ. ಕಾನ್ವೆಂಟಿನ ಪ್ರಯೋಗಶಾಲೆಯಲ್ಲಿ ಅರಿಶಿನ ಹಚ್ಚಿದ ಕಾಗದಕ್ಕೆ ಸೋಪಿನ ನೀರು ಹನಿಸಿ, ‘ಕೆಂಪಾಯಿತು, ಸಿಸ್ಟರ್!’ ಎಂದು ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಯಾರು? ಅದೂ ನಾನೇ! ಅತ್ತೆಯ ಮನೆಯ ವಿದ್ಯೆಯೂ ಇತ್ತು, ಸಿಸ್ಟರ ವಿದ್ಯೆಯೂ ಇತ್ತು. ಎರಡೂ ಸೇರಿ ಬಚ್ಚಲ ಮೋರಿಗೆ ಹೋದವು.

ಆದರೆ ದೇವರು ನನಗೆ ಕೆಂಪೊಂದನ್ನೇ ಕೊಟ್ಟು ಬಿಡಲಿಲ್ಲ. ಕೆಂಪು ಗೆರೆಗಳ ನಡುವೆ ಅಲ್ಲೊಂದು ಇಲ್ಲೊಂದು ನೇರಳೆ ಎಳೆ ಮೂಡತೊಡಗಿತು. ನೋಡುತ್ತಿದ್ದಂತೆ ಅದು ಉದ್ದವಾಯಿತು, ಅಡ್ಡ ಹೋಯಿತು, ಇನ್ನೊಂದನ್ನು ಕತ್ತರಿಸಿತು. ಬೆಳಗ್ಗೆ ಫ್ಯಾನಿನ ಗಾಳಿಗೆ ಹೊರಟುಹೋಗಿದ್ದ ಗೆರೆಗಳು! ಸ್ಕೇಲು ಜಾರಿದ್ದು, ಅದನ್ನು ತಿದ್ದಿದ್ದು, ತಿದ್ದಿದ್ದನ್ನು ತಿದ್ದಿದ್ದು, ಒಂದೂ ಬಿಡದೆ ಎಲ್ಲವೂ ಮನೆಗೆ ಮರಳಿ ಬಂದವು. ಸೇತುವೆಯ ಮೇಲೆ ನಿಂತು ರಾಯಚೂರು ಸ್ಟೇಷನ್ನಿನ ಹಳಿಗಳನ್ನು ನೋಡಿದಂತಿತ್ತು ಅತ್ತೆಯ ಸೀರೆ.

“ರೀ!” ಎಂದೆ. ಅಂದು ನಾನು ಕೂಗಿದ್ದು ಅದೊಂದೇ ಸಲ.

ನಮ್ಮವರು ಓಡಿ ಬಂದರು. ಬಕೆಟ್ಟು ನೋಡಿದರು. ಒಳಗೆ ಹೋಗಿ ಪೆನ್ನಿನ ಚೀಟಿ ತಂದು, ಕನ್ನಡಕ ಏರಿಸಿ, ಕೊನೆಯ ತನಕ ಓದಿದರು.

“ಇಲ್ಲಿ ಕೆಳಗ ಬರದಾರ ನೋಡು. ಸೋಪು ಹಚ್ಚಬ್ಯಾಡ್ರಿ, ಹೋದ ಗೆರಿ ತಿರುಗಿ ಬರ್ತಾವ ಅಂತ.”

“ಈ ಅಮೂಲ್ಯವಾದ ಮಾಹಿತಿಯನ್ನು ತಾವು ಇದುವರೆಗೂ ನನ್ನಿಂದ ಮರೆಮಾಚಿದ ಉದ್ದೇಶವನ್ನು ತಿಳಿಯಬಹುದೇ?”

“ನಂದು ಸರ್ಕಾರಿ ಸಾಲಿ,” ಎಂದರು ನಮ್ಮವರು, ಚೀಟಿ ಮಡಿಚುತ್ತ. “ನೀ ಕಾನ್ವೆಂಟಿನಾಕಿ. ಇಂಗ್ಲಿಷಿನ್ಯಾಗ ಅದ, ಪೂರಾ ಓದಿರ್ತಿ ಅನ್ಕೊಂಡಿದ್ದೆ.”



ಅತ್ತೆ ಬಂದು ಬಚ್ಚಲ ಬಾಗಿಲಲ್ಲಿ ನಿಂತರು. ಕೆಂಪು ನೀರು ಮೋರಿಗೆ ಹರಿಯುತ್ತಿತ್ತು.

“ಯಾರನ್ನ ಕೊಂದಿ, ಯವ್ವಾ?”

ತಿಳಿಯದೆ ಮಾಡಿದವರಿಗೆ ಅಳುವ ಹಕ್ಕಾದರೂ ಇರುತ್ತದೆ, ತಿಳಿದೂ ಮಾಡಿದವಳಿಗೆ ಅದೂ ಇಲ್ಲ. ಕಾಗದ ಕೆಂಪಾದ ಮೇಲೆ ಸಿಸ್ಟರ್ ಅದಕ್ಕೆ ಹುಳಿ ಹನಿಸಿ ಮತ್ತೆ ಹಳದಿ ಮಾಡಿ ತೋರಿಸಿದ್ದು ಆಗ ನೆನಪಾಯಿತು. ಎದ್ದು ಅಡುಗೆಮನೆಗೆ ಹೋದೆ. ಮರುದಿನ ಮಾನ್ವಿಗೆ ಒಯ್ಯುವ ಚಿತ್ರಾನ್ನಕ್ಕೆಂದು ತಂದಿಟ್ಟಿದ್ದ ಲಿಂಬೆಹಣ್ಣುಗಳನ್ನೆಲ್ಲ ಕೊಯ್ದೆ, ಹಿಂಡಿದೆ, ಕೌದಿಯ ಮೇಲೆ ಸುರಿದೆ. ಒಂದೊಂದು ಹೋಳನ್ನೂ ಅದು ಆ ಪೆನ್ನು ಮಾಡಿದವನ ಕುತ್ತಿಗೆಯೆಂದು ತಿಳಿದು ಹಿಂಡಿದೆ!

ಸಿಸ್ಟರ್ ಸುಳ್ಳು ಹೇಳಿರಲಿಲ್ಲ. ನೇರಳೆ ಮಾಯವಾಯಿತು. ಕೆಂಪು ಹೋಗಿ ಹಳದಿ ಬಂತು. ಬಂದದ್ದು ಮಾತ್ರ ತನ್ನ ಗೆರೆಯ ಮೇಲೆ ಕೂರಲಿಲ್ಲ, ಬಟ್ಟೆ ತುಂಬ ಹರಡಿತು. ಕೆನೆಬಣ್ಣದ ಸೀರೆ ಹಳದಿ, ಒಳಪದರ ಹಳದಿ, ಬಿಳಿ ದಾರವೂ ಹಳದಿ. ಅರಿಶಿನ ಆಯಿತು, ಲಿಂಬೆರಸ ಆಯಿತು, ಚಿತ್ರಾನ್ನಕ್ಕೆ ಇನ್ನು ಒಗ್ಗರಣೆಯೊಂದು ಬಾಕಿ! ಯಾವ ಗೆರೆಗಾಗಿ ಬೆಳಗಿನಿಂದ ಬಡಿದಾಡಿದೆನೋ, ಯಾವುದನ್ನು ನೋಡಲು ಮಾನ್ವಿ ಮಂದಿ ಕಾದಿದ್ದರೋ, ಆ ಗೆರೆ ಎಲ್ಲಿದೆಯೆಂದು ಈಗ ಬೆರಳಿನಿಂದ ತಡವಿ ನೋಡಬೇಕಿತ್ತು.

“ಅತ್ಯಾ, ನಿಮ್ಮ ಸೀರಿ ಹಾಳು ಮಾಡಿಬಿಟ್ಟೆ,” ಎಂದೆ. ಸಿಟ್ಟೆಲ್ಲ ಕರಗಿ ಮೂಗಿಗೆ ಬಂದಿತ್ತು.

ಅತ್ತೆ ಕೌದಿಯ ತುದಿಯನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದರು. “ಒಂದು ಮಾತು ಕೇಳ್ತೀನಿ. ದಿನಾ ಮುಂಜಾನಿ ರಂಗೋಲಿ ಎಳಿತಿಯಲ್ಲ, ಅದಕ್ಕ ಯಾವ ಪೆನ್ನು ಹಿಡಿತೀ?”

ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ.

“ಅಳಬ್ಯಾಡ ಬಿಡು,” ಎಂದರು, ತುದಿಯನ್ನು ಮೂಗಿನ ಬಳಿ ಹಿಡಿದು. “ಈ ಸೀರಿ ಹಳದಿ ಆಗಿದ್ದು ಇದೇ ಮೊದಲಲ್ಲ. ನಿನ್ನ ಗಂಡನ್ನ ಕೇಳು. ಅವಂದು ಇಷ್ಟು ಚೊಲೋ ವಾಸನಿನೂ ಬರ್ತಿದ್ದಿಲ್ಲ.”

ನಮ್ಮವರು ಚಪ್ಪಲಿ ಹುಡುಕುತ್ತ ಹೋದರು.

ಸಂಜೆ ಕೌದಿಯನ್ನು ಮಾಳಿಗೆಗೆ ಒಯ್ದು ತಂತಿಯ ಮೇಲೆ ಹಾಕಿದೆ. ಇಳಿಬಿಸಿಲಿನಲ್ಲೂ ಗಾಳಿ ಒಲೆಯ ಮುಂದೆ ಕೂತಂತೆ ಬಡಿಯುತ್ತಿತ್ತು. ಶಮೀಮ್ ಆಪಾ ಮೊರದಲ್ಲಿ ಮೆಣಸಿನಕಾಯಿ ತುಂಬುತ್ತಿದ್ದರು. ಅವರನ್ನು ಕಂಡದ್ದೇ ನನ್ನ ಸಿಟ್ಟು ಮತ್ತೆ ಬಾಯಿ ತೆರೆಯಿತು. ಗಾಳಿಗೆ ಓಡುವ ಪೆನ್ನನ್ನು ಬೈದೆ, ನೀರಿಗೆ ಸಾಯುವ ಪೆನ್ನನ್ನು ಬೈದೆ, ಬಿಸಿಗೆ ಅಡಗುವ ಪೆನ್ನನ್ನು ಬೈದೆ. ಅವರದೇ ಚಾಕ್‌ಪೀಸನ್ನೂ ಮರ್ಯಾದೆಯಿಂದ ಬೈದೆ. ಕೂಲರು, ಚೀಟಿ, ಸೋಪು, ಸಿಸ್ಟರು, ವತ್ಸಲಾ, ಯಾರನ್ನೂ ಬಿಡಲಿಲ್ಲ. ನನ್ನನ್ನೂ ಬಿಡಲಿಲ್ಲ. ಆಪಾ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಹ್ಞೂಂ, ಹ್ಞೂಂ ಎನ್ನುತ್ತಿದ್ದರು.

“ನಾಳೆ ಮಾನ್ವಿಯಾಗ ಅಷ್ಟು ಮಂದಿ ಮುಂದ ಇದನ್ನ ಹೆಂಗ ಹಾಸ್ಲಿ ಹೇಳ್ರಿ ಆಪಾ? ಒಂದು ಗೆರಿನಾದ್ರೂ ಕಾಣ್ತದೇನು?”

ಆಪಾ ಕೊನೆಯ ಮೆಣಸಿನಕಾಯಿಯನ್ನು ಮೊರಕ್ಕೆ ಹಾಕಿ, ಮೊರವನ್ನು ಸೊಂಟಕ್ಕೆ ಆನಿಸಿಕೊಂಡು, ಮೆಟ್ಟಿಲ ಕಡೆ ತಿರುಗಿದರು.

“ಕೂಸು ಉಚ್ಚಿ ಮಾಡ್ತದಂತ ಕೌದಿ ಮ್ಯಾಲ ರಬ್ಬರ್ ಶೀಟ್ ಹಾಸ್ತಾರಲ್ರಿ, ಬೆಹೆನ್. ಗೆರಿ ನೆಟ್ಟಗಿದ್ರೂ ಯಾರಿಗೆ ಕಾಣ್ತಿದ್ವು?”